ಕಾಲಂ 11ರ ರಾಯರು

ರಾಯರು ಎದುರಿಗೆ ಸಿಕ್ಕರೆ ‘ಚೆನ್ನಾಗಿದೀರಾ’ ಎಂದು ಕೇಳುವ ಪದ್ಧತಿಯಿಲ್ಲ. ‘ಓದಿದಿರಾ?’ ಎಂದೇ ಮಾತು ಶುರು. ‘ಏನನ್ನ ಸಾರ್?’ ಎಂದವರು ಕೆಟ್ಟರು. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಇದಕ್ಕೊಂದು ಸಿದ್ಧ ಉತ್ತರ ಬಹಳ ಕಾಲ ಚಾಲ್ತಿಯಲ್ಲಿತ್ತು: ‘ಓದಿದೆ ಸಾರ್, ಆ ಕೊನೇ ಪ್ಯಾರಾ ಇದೆಯಲ್ಲ, ಅದ್ಭುತ!’ ಹಾಲಿನ ಬೂತಿನ ಮುಂದೆ ಒಬ್ಬ ಮೇಷ್ಟ್ರು ಹೀಗೆಂದು ಪಾರಾಗಲು ನೋಡಿದಾಗ ರಾಯರು ಪ್ಯಾಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ‘ಯಾವ ಕೊನೇ ಪ್ಯಾರಾ ಮೇಷ್ಟ್ರೇ? ಅದಿನ್ನೂ ಮುಗಿದೇ ಇಲ್ವಲ್ಲ. ಮುಂದುವರಿಯುವುದು ಅಂತ ಹಾಕಿದೀನಿ’ ಎಂದರು. ಅಂದಿನಿಂದ ಬೀದಿಯವರು ಕೊನೆಯನ್ನು ಬಿಟ್ಟು ನಡುವನ್ನು ಹೊಗಳುತ್ತಾರೆ.

ಬ್ಲಾಗಿಗೆ ಬರುವ ಮೊದಲು ರಾಯರು ಪತ್ರಿಕೆಗಳಿಗೆ ವಾಚಕರ ಪತ್ರ ಬರೆಯುತ್ತಿದ್ದರು. ಬ್ಯಾಂಕುಗಳು ಸ್ವಯಂನಿವೃತ್ತಿಯ ಬಾಗಿಲು ತೆರೆದಾಗ, ಅಂದರೆ 2001ರಲ್ಲಿ, ಮೊದಲ ಕಂತಿನಲ್ಲೇ ಹೊರಬಿದ್ದವರು. ಸರ್ಕ್ಯುಲರ್ ಓದಿ ಓದಿ ಬೇಸತ್ತ ಜೀವಕ್ಕೆ ತಾನೂ ಬರೆಯಬೇಕೆಂಬ ಹಂಬಲ ಹುಟ್ಟಿದ್ದು ಸಹಜವೇ. ಆದರೆ ಎರಡು ಹಾಳೆ ಬರೆದು ಕಳಿಸಿದರೆ ಪತ್ರಿಕೆಯಲ್ಲಿ ಬರುತ್ತಿದ್ದದ್ದು ನಾಲ್ಕು ಸಾಲು, ಅದರಲ್ಲೂ ಒಂದು ಸಾಲು ಅವರ ಹೆಸರು ಮತ್ತು ಊರು. 2008ರ ಗಣೇಶನ ಹಬ್ಬಕ್ಕೆ ಬೆಂಗಳೂರಿಂದ ಬಂದ ಅಕ್ಕನ ಮಗ ಕಡುಬು ತಿನ್ನುತ್ತ ಒಂದು ಸುದ್ದಿ ಹೇಳಿದ. ಗೂಗಲಿನವರು ಪುಕ್ಕಟೆ ಜಾಗ ಕೊಡುತ್ತಾರೆ, ಅಲ್ಲಿ ಸಂಪಾದಕ ಅನ್ನುವವನೇ ಇಲ್ಲ, ಎಷ್ಟು ಬೇಕಾದರೂ ಬರೆಯಬಹುದು. ಮೊದಲೆರಡು ವಿಷಯಗಳನ್ನು ರಾಯರು ತಡೆದುಕೊಂಡರು. ಮೂರನೆಯದನ್ನು ಕೇಳಿದ ಮೇಲೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಕಾಲವೂ ಹಾಗಿತ್ತು. ‘ಸಂಪದ’ ಜಾಲತಾಣ 2005ರಲ್ಲೇ ಶುರುವಾಗಿತ್ತು. ‘ಅವಧಿ’, ‘ಕೆಂಡಸಂಪಿಗೆ’ಗಳ ಹೆಸರು ಸಾಹಿತ್ಯದ ಗೀಳಿನವರ ಬಾಯಲ್ಲಿ ಓಡಾಡುತ್ತಿತ್ತು. ಸಾಫ್ಟ್‌ವೇರ್ ಹುಡುಗರು ಊರಿನ ನೆನಪು ತೆಗೆದು ಕವಿತೆ ಬರೆಯುತ್ತಿದ್ದರು. ಎಲ್ಲರ ಬ್ಲಾಗಿನ ನೆತ್ತಿಯ ಮೇಲೂ ಒಂದು ಸೂರ್ಯಾಸ್ತ, ಇಲ್ಲವೇ ಮಳೆಹನಿ ಹೊತ್ತ ಎಲೆ. ರಾಯರು ಸೂರ್ಯಾಸ್ತವನ್ನೇ ಆರಿಸಿಕೊಂಡರು. ಹೆಸರಿಡುವುದಕ್ಕೆ ಮಾತ್ರ ಎರಡು ವಾರ ಹಿಡಿಯಿತು. ಮೊಮ್ಮಗಳ ನಾಮಕರಣಕ್ಕೂ ಅಷ್ಟು ತಲೆ ಕೆಡಿಸಿಕೊಂಡವರಲ್ಲ.

ಮೊದಲ ಬರಹವನ್ನು ‘ನುಡಿ’ ತಂತ್ರಾಂಶದಲ್ಲಿ ಕುಟ್ಟಿ, ನಕಲು ಮಾಡಿ ಅಂಟಿಸಿದರು. ತೆರೆಯ ಮೇಲೆ ಕನ್ನಡದ ಸುಳಿವೇ ಇಲ್ಲ. ಬರೀ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಫ್ರೆಂಚರ ಗೀಟುಗಳು, ಎಲ್ಲೆಲ್ಲಿ ‘ನ’ ಇತ್ತೋ ಅಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ. ‘ನನ್ನ’ ಎಂದು ಬರೆದಲ್ಲೆಲ್ಲ ಪೌಂಡು. ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದವರಾದ್ದರಿಂದ ರಾಯರು ಇದನ್ನು ಶುಭಶಕುನವೆಂದೇ ತಿಳಿದರು. ಹಳೆಯ ಫಾಂಟಿನಲ್ಲಿ ಕುಟ್ಟಿದ್ದನ್ನು ಯೂನಿಕೋಡಿಗೆ ಬದಲಿಸಬೇಕೆಂದು ಅಕ್ಕನ ಮಗ ಫೋನಿನಲ್ಲಿ ಹೇಳಿಕೊಟ್ಟ. ಬದಲಿಸಿದರೆ ಇವರ ಕಂಪ್ಯೂಟರಿನಲ್ಲಿ ಸರಿ ಕಂಡದ್ದು ಮೇಷ್ಟ್ರ ಮನೆಯದರಲ್ಲಿ ಬರೀ ಡಬ್ಬಿ. ಆಗಿನ ಎಕ್ಸ್‌ಪಿಯಲ್ಲಿ ಕನ್ನಡ ಕಾಣಬೇಕಾದರೆ ವಿಂಡೋಸಿನ ಸಿ.ಡಿ. ಹಾಕಿ ಭಾರತೀಯ ಲಿಪಿಗಳ ಸೌಲಭ್ಯ ಕೂಡಿಸಿಕೊಳ್ಳಬೇಕಿತ್ತು. ರಾಯರು ಸಿ.ಡಿ. ಜೇಬಿಗಿಟ್ಟುಕೊಂಡು ಮನೆಮನೆಗೆ ಹೋಗಿ ತಾವೇ ಕೂಡಿಸಿ ಬಂದರು. ಲೇಖಕನೊಬ್ಬ ಓದುಗನ ಮನೆಗೆ ಹೋಗಿ, ಅವನ ಕಣ್ಣೊರೆಸಿ, ಎದುರಿಗೆ ಹಾಳೆ ಹಿಡಿದು ನಿಂತ ಉದಾಹರಣೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಇನ್ನೊಂದಿಲ್ಲ.

‘ಇನ್ನು ಮೇಲೆ ದಿನಕ್ಕೊಂದು ಬರಹ’ ಎಂಬುದು ಮೊದಲ ಬರಹದ ಸಾರಾಂಶ. ಎರಡನೆಯದು ಬಂದದ್ದು ಸಂಕ್ರಾಂತಿ ಕಳೆದ ಮೇಲೆ, ‘ಕೆಲಸದ ಒತ್ತಡದಿಂದ ಬರೆಯಲಾಗಲಿಲ್ಲ, ಓದುಗರು ಕ್ಷಮಿಸಬೇಕು’ ಎಂಬ ಮುನ್ನುಡಿಯೊಂದಿಗೆ. ‘ರೀ, ಯಾವ ಕೆಲಸದ ಒತ್ತಡ?’ ಎಂದು ಒಳಗಿನಿಂದ ಪ್ರಶ್ನೆ ಬಂತು. ರಾಯರ ಬ್ಲಾಗಿಗೆ ಬಂದ ಮೊದಲ ಪ್ರತಿಕ್ರಿಯೆ ಅದೇ.

ಆಮೇಲೆ ಹಿಡಿದದ್ದು ಕಾಶಿಯಾತ್ರೆ. ಹನ್ನೊಂದನೆಯ ಕಂತು ಬಂದರೂ ರೈಲು ಇಟಾರ್ಸಿ ದಾಟಿರಲಿಲ್ಲ; ಆ ಜಂಕ್ಷನ್ನಿನ ಪೂರಿ-ಪಲ್ಯಕ್ಕೇ ಒಂದಿಡೀ ಕಂತು. ನ್ಯಾಯವಾಗಿ ಹೇಳಬೇಕೆಂದರೆ ಆ ಕಂತು ಚೆನ್ನಾಗಿತ್ತು. ಎಲೆದೊನ್ನೆಯ ತಳದಿಂದ ಎಣ್ಣೆ ಸೋರಿ ಅಂಗೈ ದಾಟಿ ಮುಂಗೈಗಿಳಿದು ಎಚ್‌ಎಂಟಿ ವಾಚಿನ ಪಟ್ಟಿಯೊಳಗೆ ಇಂಗಿದ್ದನ್ನು ಬರೆದಿದ್ದರಲ್ಲ, ಅದು ದುಡ್ಡು ಕೊಟ್ಟು ಓದುವಂಥ ಬರವಣಿಗೆ. ಬೇರೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಇಲ್ಲಿ ಹೇಳುತ್ತಿದ್ದೇನೆ.

ರಾಯರ ಬರವಣಿಗೆಗೆ ಶನಿ ಹೆಗಲೇರಿದ್ದು ಬಂದುಹೋದವರ ಲೆಕ್ಕ ತೋರಿಸುವ ಪಟ್ಟಿಯ ರೂಪದಲ್ಲಿ. ಜಗತ್ತಿನ ನಕ್ಷೆ, ಓದುಗ ಬಂದ ಊರಿನ ಮೇಲೊಂದು ಕೆಂಪು ಚುಕ್ಕೆ. ಮೊದಮೊದಲು ಮೈಸೂರಿನ ಮೇಲೆ ಮಾತ್ರ ಚುಕ್ಕೆ ದಪ್ಪವಾಗುತ್ತ ಹೋಯಿತು. ಅದು ರಾಯರೇ, ತಮ್ಮ ಬ್ಲಾಗನ್ನು ತಾವೇ ತೆರೆದು ತೆರೆದು ಬೆಳೆಸಿದ್ದು. ಬೆಳಗ್ಗೆ ಸಂಧ್ಯಾವಂದನೆಗೆ ಮುಂಚೆ ಒಮ್ಮೆ, ಆದ ಮೇಲೊಮ್ಮೆ. ಒಂದು ಬೆಳಗ್ಗೆ ನೋಡುತ್ತಾರೆ, ಅಮೆರಿಕದಲ್ಲೊಂದು ಚುಕ್ಕೆ! ಮೌಂಟನ್ ವ್ಯೂ, ಕ್ಯಾಲಿಫೋರ್ನಿಯಾ. ಮರುದಿನವೂ ಇತ್ತು. ಆ ಮಹಾನುಭಾವ ಒಂದೇ ನಿಮಿಷದಲ್ಲಿ ಏಳು ಕಂತು ತೆರೆದಿದ್ದ. ‘ಸಪ್ತಸಾಗರದಾಚೆಯ ಆತ್ಮೀಯ ಕನ್ನಡಿಗರಿಗೆ’ ಎಂದು ರಾಯರು ಹನ್ನೆರಡನೆಯ ಕಂತನ್ನು ಅರ್ಪಿಸಿದರು, ‘ಮೈಸೂರಿಗೆ ಬಂದರೆ ನಮ್ಮಲ್ಲೇ ಊಟ’ ಎಂದೂ ಸೇರಿಸಿದರು. ದಸರೆಗೆ ಬಂದ ಅಕ್ಕನ ಮಗ ವಿಷಯ ಒಡೆದ. ‘ಮಾಮ, ಅದು ಗೂಗಲಿನ ಯಂತ್ರ. ಊರೂರು ಅಲೆದು ಯಾವ ಪುಟದಲ್ಲಿ ಏನಿದೆ ಅಂತ ಗುರುತು ಹಾಕಿಕೊಂಡು ಹೋಗೋದು ಅದರ ಕೆಲಸ.’ ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದರೂ ಪೂರ್ತಿ ಓದತ್ತೆ ತಾನೇ? ನಿನ್ನ ಥರ ಕೊನೇ ಪ್ಯಾರಾಕ್ಕೆ ಹಾರಲ್ವಲ್ಲ’ ಎಂದರು.

ಪ್ರತಿಕ್ರಿಯೆ ಗಿಟ್ಟಿಸುವ ಕಲೆ ಆ ಹೊತ್ತಿಗೆ ಕೈಗೆ ಹತ್ತಿತ್ತು. ಅದು ನೇರ ಮದುವೆಮನೆಯ ಮುಯ್ಯಿ ಪುಸ್ತಕದ ಲೆಕ್ಕ. ನೀವು ಅವರ ಕವಿತೆಗೆ ‘ಮನ ಮುಟ್ಟಿತು’ ಎಂದು ಹಾಕಿದರೆ ಅವರು ನಿಮ್ಮ ಪ್ರವಾಸಕಥನಕ್ಕೆ ‘ತುಂಬಾ ಚೆನ್ನಾಗಿದೆ, ನನ್ನ ಬ್ಲಾಗಿಗೂ ಒಮ್ಮೆ ಬನ್ನಿ’ ಎಂದು ಹಾಕುತ್ತಾರೆ. ಹಾಕದಿದ್ದರೆ ಮುಂದಿನ ಸಲ ನಿಮ್ಮದೂ ಇಲ್ಲ. ರಾಯರು ಹಳೆಯ ಬ್ಯಾಂಕ್ ಲೆಡ್ಜರೊಂದರಲ್ಲಿ ಜಮಾ-ಖರ್ಚು ಬರೆದಿಟ್ಟರು. ಶಿವಮೊಗ್ಗದ ಕವಯಿತ್ರಿಯೊಬ್ಬರ ಹೆಸರಿನ ಮುಂದೆ ‘ಬಾಕಿ 3’ ಎಂದು ಕೆಂಪು ಶಾಯಿಯಲ್ಲಿ ಬರೆದದ್ದನ್ನು ನಾನೇ ನೋಡಿದ್ದೇನೆ. ಆ ಬಾಕಿ ವಸೂಲಾಗಲಿಲ್ಲ. ಕವಯಿತ್ರಿಯೂ, ಮಳೆಹನಿಯ ಹುಡುಗರೂ ಒಬ್ಬೊಬ್ಬರಾಗಿ ಫೇಸ್‌ಬುಕ್ಕಿಗೆ ಗುಳೆ ಹೋದರು. ಅಲ್ಲಿ ಹೆಬ್ಬೆಟ್ಟು ಒತ್ತಿದರೆ ಮುಯ್ಯಿ ತೀರಿತು, ಬರೆಯುವ ಕಷ್ಟವಿಲ್ಲ. 2013ರ ಜುಲೈಯಲ್ಲಿ ಗೂಗಲ್ ತನ್ನ ರೀಡರನ್ನೂ ಮುಚ್ಚಿತು. ಅದರ ಮೂಲಕ ರಾಯರನ್ನು ಓದುತ್ತಿದ್ದ ನಾಲ್ಕಾರು ಮಂದಿ ಎಲ್ಲಿ ಹೋದರೋ.

ನಡುವೆ ಒಂದು ಅವಘಡ. ‘ಡಾಟ್ ಕಾಂ’ ಇಲ್ಲದ ಬ್ಲಾಗು ಬಾಡಿಗೆ ಮನೆಯಿದ್ದಂತೆ ಎಂದು ಯಾರೋ ತಲೆಗೆ ತುಂಬಿದ್ದರಿಂದ ರಾಯರು ಸ್ವಂತ ವಿಳಾಸ ಕೊಂಡಿದ್ದರು. ವರ್ಷವರ್ಷ ಹಣ ಕಟ್ಟಬೇಕೆಂಬುದು ಮರೆತುಹೋಯಿತು. ಅವಧಿ ಮುಗಿದ ವಿಳಾಸವನ್ನು ಯಾರೋ ಎತ್ತಿಕೊಂಡು ಇಸ್ಪೀಟಿನ ಜಾಲತಾಣ ಮಾಡಿದರು. ಬೀಗರ ಕಡೆಯವರು ಕಾಶಿಯಾತ್ರೆ ಓದೋಣವೆಂದು ತೆರೆದರೆ ಜೋಕರ್ ಕುಣಿಯುತ್ತಿದ್ದಾನೆ. ‘ರಾಯರು ರಿಟೈರಾದ ಮೇಲೆ ರಮ್ಮಿ ಆಡಿಸ್ತಾರಂತೆ’ ಎಂಬ ಸುದ್ದಿ ತಿರುಗಿ ನಮ್ಮ ಬೀದಿಗೆ ಬರಲು ಒಂದು ವಾರವೂ ಹಿಡಿಯಲಿಲ್ಲ. ರಾಯರು ಮತ್ತೆ ಹಳೆಯ ಪುಕ್ಕಟೆ ಜಾಗಕ್ಕೇ ಮರಳಿದರು.

ಹೀಗೆ ನೊಣ ಹೊಡೆಯುತ್ತ ಕೂತಿದ್ದಾಗ, ಅದೂ ಕೋಪದಲ್ಲಿ, ಒಂದು ಬರಹ ಬರೆದರು. ಚನ್ನರಾಯಪಟ್ಟಣದ ಕಡೆ ತಂದೆಯಿಂದ ಬಂದ ಎರಡೆಕರೆ ಜಮೀನು. ಅದರ ಮೇಲಿದ್ದ ಬೆಳೆ ಸಾಲ ತೀರಿ ಯಾವ ಕಾಲವಾಗಿತ್ತೋ, ಪಹಣಿಯಲ್ಲಿ ಹಾಗೇ ಕೂತಿತ್ತು. ನಮ್ಮಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದ್ದು ‘ಭೂಮಿ’ ಯೋಜನೆಯಲ್ಲಿ, ಈ ಶತಮಾನದ ಆರಂಭಕ್ಕೆ; ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ. ಅಷ್ಟನ್ನು ಏರಿಸುವಾಗ ಕೈಬರಹದ ತಪ್ಪುಗಳೂ ಬಸ್ಸು ಹತ್ತಿ ಬಂದವು. ರಾಯರು ಬ್ಯಾಂಕಿನಿಂದ ಬೇಬಾಕಿ ಪತ್ರ ತಂದು, ನಾಡಕಚೇರಿ, ತಾಲ್ಲೂಕು ಕಚೇರಿ ಅಲೆದು ಕೊನೆಗೂ ಸಾಲದ ನಮೂದು ತೆಗೆಸಿದರು. ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ, ‘ಪಹಣಿಯ ಕಾಲಂ 11ರಿಂದ ತೀರಿದ ಸಾಲ ತೆಗೆಸುವುದು ಹೇಗೆ?’ ಎಂದು ಒಂದು ಪುಟ ಕುಟ್ಟಿದರು. ಉಪಮೆಯಿಲ್ಲ, ಇಟಾರ್ಸಿಯಿಲ್ಲ. ಯಾವ ಅರ್ಜಿ, ಯಾವ ಕಾಗದ, ಯಾವ ಕಿಟಕಿ, ಅಷ್ಟೇ. ಸೂರ್ಯಾಸ್ತದ ಕೆಳಗೆ ಅರ್ಜಿಯ ಮಾದರಿಯನ್ನೂ ಅಂಟಿಸಿದರು.

ಮೌಂಟನ್ ವ್ಯೂನ ಯಂತ್ರ ಬಂದು ನೋಡಿಕೊಂಡು ಹೋಯಿತು. ಆಮೇಲೆ ಶುರುವಾಯಿತು ನೋಡಿ. ಸಿಂದಗಿ, ಹರಪನಹಳ್ಳಿ, ಕೆ.ಆರ್. ಪೇಟೆ, ಸಾಗರ. ರಾಯರು ಕನಸಿನಲ್ಲೂ ಕಾಣದಷ್ಟು ಜನ. ಪ್ರತಿಕ್ರಿಯೆಗಳ ಭಾಷೆಯೇ ಬದಲಾಯಿತು. ‘ಮನ ಮುಟ್ಟಿತು’ ಎಂದು ಒಬ್ಬನೂ ಬರೆಯಲಿಲ್ಲ. ‘ಸರ್ ನಮ್ಮ ತಂದೆ ತೀರಿಕೊಂಡು ನಾಲ್ಕು ವರ್ಷ, ಪವತಿ ಖಾತೆ ಆಗಿಲ್ಲ, ದಯಮಾಡಿ ತಿಳಿಸಿ.’ ‘ಸರ್ ನನ್ನ ಹೆಸರು ನಾಗರಾಜಪ್ಪ ಬದಲು ನಾಗರತ್ನಮ್ಮ ಆಗಿದೆ.’ ‘ಸಾಹೇಬ್ರೇ, ಬೇಗ ಪೋಡಿ ಮಾಡಿಕೊಡಿ.’ ಕೆಳಗೆ ಸರ್ವೆ ನಂಬರು, ಹಿಸ್ಸಾ ನಂಬರು, ಮೊಬೈಲ್ ನಂಬರು. ತಾವು ತಹಶೀಲ್ದಾರರಲ್ಲವೆಂದು ರಾಯರು ದಪ್ಪಕ್ಷರದಲ್ಲಿ ಪ್ರಕಟಣೆ ಹಾಕಿದರು. ಅದರ ಕೆಳಗೂ ಒಬ್ಬ, ‘ಗೊತ್ತು ಸರ್, ಆದರೂ ನೋಡಿ’ ಎಂದು ಸರ್ವೆ ನಂಬರು ಕೊಟ್ಟಿದ್ದ.

ಜಾಹೀರಾತಿನ ಹಣವೂ ಬಂತು ಎನ್ನಬೇಕು. ಗೂಗಲಿನ ಜಾಹೀರಾತು ಹಿಂದಿಯ ಪುಟಗಳಿಗೆ ಒಲಿದದ್ದು 2014ರ ಕೊನೆಗೆ. ಕನ್ನಡದ ಸರದಿ ಬರಲು ಇನ್ನೂ ವರ್ಷಗಳು ಬೇಕಾದವು. ಹತ್ತು ಡಾಲರ್ ಜಮೆಯಾದಾಗ ಗುಪ್ತಸಂಖ್ಯೆಯಿದ್ದ ಲಕೋಟೆಯನ್ನು ಅಂಚೆಯವನು ತಂದುಕೊಟ್ಟ. ಆದರೆ ಹಣ ಕೈಗೆ ಬರಬೇಕಾದರೆ ನೂರು ಡಾಲರ್ ತುಂಬಬೇಕಂತೆ. ‘ಇದೇನ್ರೀ ಅನ್ಯಾಯ, ನನ್ನ ದುಡ್ಡು ಇಟ್ಟುಕೊಳ್ಳೋಕೆ ಇವರು ಯಾರು?’ ಎಂದು ಗುಡುಗಿದ ರಾಯರಿಗೆ, ತಾವು ಕೌಂಟರಿನಲ್ಲಿ ಕೂತು ಎಷ್ಟು ಮುದುಕಿಯರಿಗೆ ಮಿನಿಮಮ್ ಬ್ಯಾಲೆನ್ಸಿನ ಮಹತ್ವ ಬೋಧಿಸಿದ್ದರೆಂಬುದನ್ನು ನೆನಪಿಸಲು ಮನೆಯಾಕೆ ಮರೆಯಲಿಲ್ಲ. ಜಾಹೀರಾತುಗಳಿಗೋ ಹೊತ್ತುಗೊತ್ತಿಲ್ಲ. ಮಣಿಕರ್ಣಿಕಾ ಘಾಟಿನ ಕಂತಿನ ನಟ್ಟನಡುವೆ, ಚಿತೆ ಉರಿಯುತ್ತಿರುವಾಗಲೇ, ಜೀವವಿಮೆ.

ಈಗ ಕಾಶಿಯಾತ್ರೆ ಮುಗಿದಿದೆ. ‘ಓದಿ’ ಎಂದು ರಾಯರು ಪಹಣಿಯ ಪುಟದ ತಳದಲ್ಲಿ ಅದರ ಕೊಂಡಿ ಕೊಟ್ಟಿದ್ದಾರೆ. ಒತ್ತಿದವರು ತಪ್ಪಿ ಒತ್ತಿದವರು. ಆದರೆ ಬರೆಯುವುದನ್ನು ನಿಲ್ಲಿಸಿಲ್ಲ. ಸದ್ಯ ರಾಮೇಶ್ವರ ನಡೆಯುತ್ತಿದೆ, ರೈಲು ಇನ್ನೂ ಮದುರೆಯಲ್ಲಿದೆ. ಬೆಳಗಿನ ಹೊತ್ತು ರಾಮೇಶ್ವರಕ್ಕೆ, ಮಧ್ಯಾಹ್ನದ ಊಟವಾದ ಮೇಲೆ ಎರಡು ಗಂಟೆ ಪಹಣಿಯವರಿಗೆ ಉತ್ತರ. ‘ಎಷ್ಟಂತ ಬರೀಲಿ, ಪೀಡೆ ಇವು’ ಎನ್ನುತ್ತಲೇ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುತ್ತಾರೆ.

ಮೊನ್ನೆ ಹಾಸನದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಎದುರು ಸಾಲಿನಿಂದ ಬಿಳಿ ಪಂಚೆಯವರೊಬ್ಬರು ರಾಯರನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ತಡೆಯಲಾರದೆ, ‘ಸ್ವಾಮಿ, ಬ್ಲಾಗು ಬರೆಯೋರು ತಾವೇ ಅಲ್ವಾ? ಫೋಟೋ ನೋಡಿದೀನಿ’ ಎಂದರು. ಪಂಕ್ತಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದರೂ ರಾಯರಿಗೆ ಸಾಕೆನ್ನಲು ತೋಚಲಿಲ್ಲ. ‘ಹೌದು, ನಾನೇ. ತಾವು ಯಾವುದನ್ನ… ಕಾಶಿಯದನ್ನ?’

‘ಕಾಶಿಗೆ ಹೋಗೋ ಯೋಗ ನಮಗೆಲ್ಲಿ ಸ್ವಾಮಿ. ನಮ್ಮಣ್ಣ ತಮ್ಮಂದಿರದ್ದು ಜಂಟಿ ಖಾತೆ, ಒಬ್ಬ ರುಜು ಹಾಕಲ್ಲ ಅಂತಾನೆ…’

ರಾಯರು ಎಡಗೈಯಲ್ಲಿ ಜೇಬಿನಿಂದ ಪೆನ್ನು ತೆಗೆದು ಪಕ್ಕದಲ್ಲಿದ್ದ ನನಗೆ ಕೊಟ್ಟು, ಹೋಳಿಗೆ ಮುರಿಯುತ್ತ, ‘ಹೂಂ, ಬರ್ಕೊಳ್ರೀ. ಸರ್ವೆ ನಂಬರ್ ಎಷ್ಟು ಅಂದ್ರಿ?’ ಎಂದರು.