ಮೂವತ್ತೆರಡು ಮಂದಿಗಷ್ಟೇ ಜಾಗ

ಲ್ಯಾಪ್‌ಟಾಪಿಗೆಂದು ಕೂಡಿಟ್ಟ ದುಡ್ಡು ಎಮ್ಮೆಯ ರೂಪ ತಾಳಿದ್ದರಿಂದ ನಾನು ಪ್ರೋಗ್ರಾಮ್ ಬರೆಯುವುದು ಮೊಬೈಲಿನಲ್ಲೇ. ಟರ್ಮಕ್ಸ್ ಎಂಬ ಆ್ಯಪ್ ಇದ್ದರೆ ಸಾಕು. ದೊಡ್ಡ ಕಂಪ್ಯೂಟರುಗಳಲ್ಲಿ ಬೆಳೆದ ಪೈಥಾನ್, ಗಿಟ್, ಕ್ಲ್ಯಾಂಗ್ ಎಲ್ಲ ಆಂಡ್ರಾಯ್ಡ್‌ಗೆ ವಲಸೆ ಬಂದು ಅಥಣಿಯ ನಮ್ಮ ಮನೆಕಟ್ಟೆಯ ಮೇಲೂ ಕೂರುತ್ತವೆ.

ಫೋನು ಆಂಡ್ರಾಯ್ಡ್ 12ಕ್ಕೆ ಏರಿದಾಗ ಒಂದೊಂದನ್ನೇ ಪರೀಕ್ಷೆಗೆ ಕರೆದೆ. ಪೈಥಾನ್ ಹೂಂ ಅಂದಿತು, ಗಿಟ್ಟೂ ತಲೆಯಾಡಿಸಿತು. ದೊಡ್ಡದೊಂದನ್ನು ಕಂಪೈಲ್ ಮಾಡಲು ಬಿಟ್ಟು ಚಹಾಕ್ಕೆ ಎದ್ದೆ. ಬರುವಷ್ಟರಲ್ಲಿ ಪರದೆಯ ಮೇಲೆ ‘ಸಿಗ್ನಲ್ 9’ ಎಂಬ ಒಂದೇ ಸಾಲು. ಯುನಿಕ್ಸ್ ಲೋಕದಲ್ಲಿ ಅದು ಮೇಲ್ಮನವಿ ಇಲ್ಲದ ಮರಣದಂಡನೆ.

ಕಾರಣ ಇಷ್ಟು: ಆ್ಯಪ್‌ಗಳು ಹೆತ್ತ ಮರಿ ಪ್ರಕ್ರಿಯೆಗಳು ಇಡೀ ಫೋನಿನಲ್ಲಿ 32 ದಾಟಿದರೆ, 2021ರ ಈ ಆವೃತ್ತಿ ಹೆಚ್ಚಿನವನ್ನು ಮುಗಿಸಿಬಿಡುತ್ತದೆ. ಬರೀ 32! ರಾಯಬಾಗ ಕಡೆಯ ಲಗ್ನಗಳಲ್ಲಿ ಅಷ್ಟು ಮಂದಿ ಬೀಗರು ಒಂದೇ ಟ್ರ್ಯಾಕ್ಸಿನಿಂದ ಇಳಿಯುತ್ತಾರೆ, ಇನ್ನಿಬ್ಬರು ಟಪ್ಪಿನ ಮೇಲಿರುತ್ತಾರೆ. ಅವರನ್ನು ಹಾಗೆ ಮುಗಿಸಲಾದೀತೇ?

ಆಂಡ್ರಾಯ್ಡ್ 14ರ ಡೆವಲಪರ್ ಆಯ್ಕೆಗಳಲ್ಲಿ ಈ ಕಾವಲು ತೆಗೆಯುವ ಗುಂಡಿಯೇ ಬಂತು. ಆದರೆ ಆ ಆಯ್ಕೆಗಳು ಕಣ್ಣಿಗೆ ಬೀಳಬೇಕಾದರೆ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಕುಟ್ಟಬೇಕು. ಹೊಸ ಫೋನಿನಲ್ಲಿ ನಾನು ಎಣಿಸುತ್ತ ಕುಟ್ಟುವುದನ್ನು ಆಯಿ ನೋಡಿದಳು.

“ಫೋನಿಗಿ ದಿಟ್ಟಿ ತಗ್ಯಾಕತ್ತಿಯೇನೋ? ತಡಿ, ಉಪ್ಪು ಮೆಣಸಿನಕಾಯಿ ತರತೀನಿ.”

ತಂದಳು, ಇಳಿ ತೆಗೆದಳು, ಒಲೆಗೆ ಹಾಕಿದಳು. ಘಾಟಿಗೆ ಇಬ್ಬರೂ ಕೆಮ್ಮುತ್ತಿರುವಾಗಲೇ ಕಂಪೈಲ್ ಮುಗಿಯಿತು. ಶ್ರೇಯ ಗುಂಡಿಗೋ ಮೆಣಸಿನಕಾಯಿಗೋ ಎಂಬ ವ್ಯಾಜ್ಯ ನಮ್ಮ ಮನೆಯಲ್ಲಿನ್ನೂ ನಡೆದಿದೆ. ಎಮ್ಮೆಯ ಹಾಲು ಕುಡಿಯುವವರೆಲ್ಲ ಆಯಿಯ ಪಕ್ಷ.