ತಾತನ ರಿವಾಲ್ವರಿಗೆ ತೋಟಾ

ತಾತನಿಂದ ಬಂದ ಹಳೇ ರಿವಾಲ್ವರಿಗೆ ತೋಟಾ ಆರಿಸುವ ಮುನ್ನ ಪರವಾನಗಿ ಕೊಡುವ ಕಚೇರಿ ಯಾವುದೆಂದು ತಿಳಿಯಬೇಕು. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಹಾಗಾಗಿ ಸಂಡೂರಿನ ಗಣಿಯೂರು ದೋಣಿಮಲೈಯ ವಾರಸುದಾರ ಪರವಾನಗಿಗೆ ಬಳ್ಳಾರಿಗೇ ಎಡತಾಕಬೇಕು. ಆಯುಧ ಮಾತ್ರ ತಾತನ ಆಸ್ತಿ, ಪರವಾನಗಿ ಪಿತ್ರಾರ್ಜಿತವಲ್ಲ.

ಆಮೇಲೆ ಗಣಿಯ ಕೆಂಪು ಧೂಳು ಒರೆಸಿ ಬ್ಯಾರೆಲ್ ಮೇಲಿನ ಮುದ್ರೆ ಓದುವುದು. ಬ್ರಿಟಿಷ್ ಸೇನೆಯ .455 ಎಂದಿದ್ದರೆ ಅದು ನಿಷೇಧಿತ ಬೋರ್. ಕಡತ ದಿಲ್ಲಿಯ ಗೃಹ ಸಚಿವಾಲಯಕ್ಕೆ. .32 ಎಂದಿದ್ದರೂ ಕುಣಿಯುವಂತಿಲ್ಲ: ಗಿಡ್ಡ ತೋಟಾದ ಚೇಂಬರಿನಲ್ಲಿ ಉದ್ದನೆಯ ‘ಲಾಂಗ್’ ತೋಟಾ ಕೂರದು. ಅದರಲ್ಲೂ ಕಪ್ಪುಮದ್ದಿನ ಕಾಲದ ಉಕ್ಕಿಗೆ ಇಂದಿನ ಮದ್ದಿನ ಒತ್ತಡ ತಡೆಯುವ ತ್ರಾಣವಿಲ್ಲ, ತಾತನಿಗಿಂತ ಅದಕ್ಕೇ ವಯಸ್ಸು ಹೆಚ್ಚು! ಬಂದೂಕು ರಿಪೇರಿಯವನಿಗೆ ತೋರಿಸದೆ ಒಂದು ತೋಟಾವನ್ನೂ ತುಂಬಬಾರದು.

ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಚುನಾವಣೆ ಬರುತ್ತದೆ. ಆಗ ರಿವಾಲ್ವರ್ ಸಾಮಾನ್ಯವಾಗಿ ಠಾಣೆಯಲ್ಲಿ ಠೇವಣಿ.