ಮೂರನೇ ಮಹಡಿಯ ಕಡಲರಾಯರು

ಬೆಂಗಳೂರಿಗೆ ಸಮುದ್ರವಿಲ್ಲ ಎಂಬ ಕೊರಗನ್ನು ಬೇರೆಯವರು ವರ್ಷಕ್ಕೊಮ್ಮೆ ಗೋಕರ್ಣಕ್ಕೋ ಮಲ್ಪೆಗೋ ಹೋಗಿ ತೀರಿಸಿಕೊಳ್ಳುತ್ತಾರೆ. ಕೆಲವರು ಮಾತ್ರ ಸಮುದ್ರವನ್ನೇ ಕರೆಸಿಕೊಂಡು ಹಾಲ್‌ನಲ್ಲಿ, ಟಿ.ವಿ. ಇರಬೇಕಾದ ಜಾಗದಲ್ಲಿ ಕೂರಿಸುತ್ತಾರೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಗ ಇಂಥವರು ಹುಡುಕಿದರೆ ಒಬ್ಬರಾದರೂ ಸಿಗುತ್ತಾರೆ. ನಮ್ಮಲ್ಲಿರುವವರಿಗೆ ವಾಚ್‌ಮನ್‌ನಿಂದ ಹಿಡಿದು ಅಸೋಸಿಯೇಷನ್ ಅಧ್ಯಕ್ಷರವರೆಗೆ ಎಲ್ಲರೂ ಸೇರಿ ಇಟ್ಟ ಹೆಸರು ಕಡಲರಾಯರು. ಅವರ ಸ್ವಂತ ಹೆಸರು ಈಗ ಉಳಿದಿರುವುದು ಕರೆಂಟ್ ಬಿಲ್ಲಿನಲ್ಲಿ ಮಾತ್ರ. ಆ ಬಿಲ್ಲನ್ನು ಅವರು ಯಾರ ಕಣ್ಣಿಗೂ ಬೀಳಿಸುವುದಿಲ್ಲ, ಮುಖ್ಯವಾಗಿ ಹೆಂಡತಿಯ ಕಣ್ಣಿಗೆ.

‘ಮೀನು ಸಾಕ್ತಾರೆ’ ಎಂದು ಯಾರಾದರೂ ಪರಿಚಯಿಸಿದರೆ ರಾಯರ ಮುಖ ಸಪ್ಪಗಾಗುತ್ತದೆ. ‘ಮೀನಲ್ಲ ಸಾರ್, ನಾನು ಸಾಕೋದು ನೀರು. ನೀರು ಸರಿಯಿದ್ರೆ ಮೀನು ಅದರ ಪಾಡಿಗೆ ಅದಿರುತ್ತೆ’ ಎನ್ನುತ್ತಾರೆ. ಮಾತು ಸುಳ್ಳಲ್ಲ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಅವರ ಗಾಜಿನ ತೊಟ್ಟಿಗೆ ಸುಮಾರು 250 ಲೀಟರ್ ನೀರು ಬೇಕು. ಕಾವೇರಿ ನೀರನ್ನು ಸರ್ಕಾರ ತೊರೆಕಾಡನಹಳ್ಳಿಯಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್ ದೂರ ಪಂಪ್ ಮಾಡಿ, ಗುಡ್ಡ ಹತ್ತಿಸಿ, ಶುದ್ಧ ಮಾಡಿ ತಂದು ಕೊಟ್ಟರೆ, ರಾಯರು ಅದನ್ನು ಆರ್‌ಓ ಫಿಲ್ಟರಿಗೂ ಡಿಐ ರಾಳಕ್ಕೂ ಹಾಯಿಸಿ ಅದರಲ್ಲಿ ನೀರಿನ ಹೊರತು ಬೇರೇನೂ ಉಳಿಯದಂತೆ ಮಾಡುತ್ತಾರೆ. ಟಿಡಿಎಸ್ ಮೀಟರು ಸೊನ್ನೆ ತೋರಿಸಿದ ಮೇಲೆ, ಲೀಟರಿಗೆ 35 ಗ್ರಾಂನಂತೆ ವಿದೇಶದಿಂದ ಬಂದ ಸಮುದ್ರದ ಉಪ್ಪು ಹಾಕಿ ಕದಡುತ್ತಾರೆ. ಒಟ್ಟು ಲೆಕ್ಕ ಒಂಬತ್ತು ಕಿಲೋ ಹತ್ತಿರ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕಾದು ಸೋತ ಎರಡನೇ ಮಹಡಿಯವರು ಒಮ್ಮೆ ತಡೆಯಲಾರದೆ, ‘ಕುಡಿಯೋ ಕಾವೇರಿಗೆ ಉಪ್ಪು ಸುರಿಯೋದಾ ರಾಯರೇ?’ ಎಂದು ಕೇಳಿಯೇಬಿಟ್ಟರು. ರಾಯರು ಸ್ವಲ್ಪವೂ ಅಳುಕದೆ, ‘ಅದು ಹೇಗೂ ಪೂಂಪುಹಾರ್ ಹತ್ರ ಕಡಲು ಸೇರೋದೇ ತಾನೇ? ನಾನು ಸ್ವಲ್ಪ ಬೇಗ ಸೇರಿಸಿದೆ’ ಎಂದರು.

ಆಮೇಲೆ ಶುರುವಾಗುವುದು ರಾಯರ ಬಾಳಿನ ಸುವರ್ಣಕಾಲ, ಅಂದರೆ ತೊಟ್ಟಿಯಲ್ಲಿ ಒಂದು ಮೀನೂ ಇಲ್ಲದ ನಾಲ್ಕರಿಂದ ಆರು ವಾರ. ತೊಟ್ಟಿಯಲ್ಲಿ ಕಡಲು ಸಾಕುವ ಬಳಗದವರು ಇದಕ್ಕೆ ‘ಸೈಕಲ್ ಆಗೋದು’ ಎನ್ನುತ್ತಾರೆ. ಏನಾದರೊಂದು ಕೊಳೆಯಬೇಕು, ಅದರಿಂದ ಅಮೋನಿಯಾ ಏಳಬೇಕು, ಅದನ್ನು ತಿಂದು ನೈಟ್ರೈಟ್ ಮಾಡುವ ಒಂದು ಜಾತಿಯ ಬ್ಯಾಕ್ಟೀರಿಯಾ ಕಲ್ಲುಗಳಲ್ಲಿ ನೆಲೆಯೂರಬೇಕು, ನೈಟ್ರೈಟನ್ನು ನೈಟ್ರೇಟ್ ಮಾಡುವ ಇನ್ನೊಂದು ಜಾತಿಯದು ಅದರ ಹಿಂದೆಯೇ ಬರಬೇಕು. ಕೊಳೆಸಲು ಎಲ್ಲಕ್ಕಿಂತ ಅಗ್ಗದ ವಸ್ತು ಒಂದು ಹಸಿ ಸಿಗಡಿ. ಮೂರು ಹೊತ್ತು ಸಂಧ್ಯಾವಂದನೆ ಮಾಡಿದ ಮನೆತನದ ರಾಯರು ಇದಕ್ಕಾಗಿ ಮೊದಲ ಬಾರಿ ಮೀನು ಮಾರ್ಕೆಟ್ಟಿನ ಮೆಟ್ಟಿಲು ಹತ್ತಿದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ‘ಒಂದು ಸಿಗಡಿ ಕೊಡಪ್ಪ’ ಎಂದರು.

‘ಒಂದು ಕೆಜಿನಾ?’

‘ಒಂದು.’

‘ಅರ್ಧ ಕೆಜಿ ತಗೊಳ್ಳಿ ಸ್ವಾಮಿ, ಬೆಳಗ್ಗೆ ಬಂದ ಮಾಲು.’

‘ಕೆಜಿ ಅಲ್ಲಪ್ಪ, ಒಂದೇ ಒಂದು ಸಿಗಡಿ. ಹಳೇದಿದ್ರೂ ಆಗುತ್ತೆ, ಕೊಳೆಯೋಕೆ.’

ಅಂಗಡಿಯವನು ಕತ್ತಿ ಕೆಳಗಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದ. ಮಾಟಮಂತ್ರದ ಗಿರಾಕಿ ಎಂದುಕೊಂಡನೋ ಏನೋ, ದುಡ್ಡು ಮುಟ್ಟಲಿಲ್ಲ.

ಆ ವಾರಗಳಲ್ಲಿ ರಾಯರ ಮನೆಗೆ ಹೋದವರಿಗೆಲ್ಲ ಕಾಫಿ, ಜೊತೆಗೆ ಕಲ್ಲು ನೋಡುವ ಭಾಗ್ಯ. ‘ಮೀನೆಲ್ಲಿ?’ ಎಂದು ಮಕ್ಕಳು ಕೇಳಿದರೆ, ‘ಈಗ ಡಯಾಟಮ್ ಬಂದಿದೆ, ನೋಡು ಕಂದ’ ಎಂದು ಮರಳಿನ ಮೇಲಿನ ಕಂದು ಕೊಳೆಯನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಸಂಜೆ ಪರೀಕ್ಷೆ. ಪುಟ್ಟ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಬಾಟಲಿಯಿಂದ ತೊಟ್ಟು ಎಣಿಸಿ ಹಾಕಿ, ಅಲುಗಿಸಿ, ಐದು ನಿಮಿಷ ಬಿಟ್ಟು ಬಣ್ಣದ ಚೀಟಿಯ ಪಕ್ಕ ಹಿಡಿಯಬೇಕು. ಹಳದಿಯಿದ್ದರೆ ಅಮೋನಿಯಾ ಇಲ್ಲ, ಹಸಿರಿಗೆ ತಿರುಗಿದರೆ ಇದೆ. ರಾಯರಿಗೆ ಎಲ್ಲವೂ ಹಳದಿ. ಪಿಯುಸಿ ಓದುವ ಮಗಳಿಗೆ ಎಲ್ಲವೂ ಹಸಿರು. ಕೊನೆಗೆ ಒಳಗಿನಿಂದ ಕೈ ಒರೆಸಿಕೊಂಡು ಬರುವ ಅವರ ಹೆಂಡತಿ, ಸೀರೆ ಅಂಗಡಿಯಲ್ಲಿ ಪಳಗಿದ ಕಣ್ಣಿನಿಂದ ಕೊಳವೆಯನ್ನು ಬಾಲ್ಕನಿಯ ಬೆಳಕಿಗೆ ಹಿಡಿದು, ‘ನಿಂಬೆ ಹಳದಿ ಅಲ್ಲ ಇದು, ಅಂಚಿಗೆ ಗಿಳಿಹಸಿರು ಹೊಡೀತಿದೆ. ಇನ್ನೊಂದು ವಾರ ಬೇಕು’ ಎಂದು ತೀರ್ಪು ಕೊಡುತ್ತಾರೆ. ಆ ಮನೆಯ ನಿಜವಾದ ರಸಾಯನಶಾಸ್ತ್ರಜ್ಞೆ ಆಕೆಯೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಹವಳ. ತೊಟ್ಟಿಗೆ ರೀಫ್, ಅಂದರೆ ಹವಳದಿಬ್ಬ, ಎಂದು ಹೆಸರಿಟ್ಟ ಮೇಲೆ ಹವಳವಿರಬೇಡವೇ ಎಂದು ಯಾರಾದರೂ ಕೇಳುವುದನ್ನೇ ರಾಯರು ಕಾಯುತ್ತಿರುತ್ತಾರೆ. ಗಟ್ಟಿ ಹವಳಗಳನ್ನೂ ಸಮುದ್ರಕುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟಕ್ಕೆ ಸೇರಿಸಲಾಯಿತು, ಹುಲಿ ಇರುವ ಪಟ್ಟಿ ಅದೇ. ಆದ್ದರಿಂದ ‘ಒಂದು ಚಿಕ್ಕ ಹವಳ ಸಿಗುತ್ತಾ?’ ಎಂದವರಿಗೆ ರಾಯರು, ‘ಚಿಕ್ಕ ಹುಲಿ ಸಾಕ್ತೀರಾ?’ ಎನ್ನುತ್ತಾರೆ. ಅವರ ತೊಟ್ಟಿಯ ದಿಬ್ಬ ಪೂರ್ತಿ ಸುಟ್ಟ ಜೇಡಿಮಣ್ಣಿನ ಕೃತಕ ಕಲ್ಲು. ಹವಳವಿಲ್ಲದ ಹವಳದಿಬ್ಬ ಎಂದು ನಾವು ನಗಬಹುದು, ಆದರೆ ಕದ್ದು ತಂದ ಹವಳವನ್ನು ನೀಲಿ ದೀಪದಡಿ ಮೆರೆಸುವವರಿಗಿಂತ ಈ ಮಡಕೆ ಕಲ್ಲಿನ ಮನುಷ್ಯ ವಾಸಿ.

ರಾಯರನ್ನು ಪೂರ್ತಿಯಾಗಿ ನೋಡಬೇಕಾದರೆ ಭಾನುವಾರ ಬೆಳಗ್ಗೆ ಅಕ್ವೇರಿಯಂ ಅಂಗಡಿಯಲ್ಲಿ ನೋಡಬೇಕು. ಹೊಸಬರು ಅಲ್ಲಿಗೆ ಮೀನು ಕೊಳ್ಳಲು ಹೋಗುತ್ತಾರೆ, ರಾಯರು ಹೋಗುವುದು ಕೊಳ್ಳದಿರಲು. ಯಾರೋ ಐಟಿಯ ಗಂಡಹೆಂಡತಿ ಮಗುವನ್ನು ಎತ್ತಿಕೊಂಡು, ‘ಒಂದು ನೀಮೋ, ಒಂದು ಡೋರಿ ಕೊಡಿ’ ಎಂದರೆ ಸಾಕು, ಹಿಂದಿನಿಂದ ಒಂದು ಗಂಟಲು ಸರಿಮಾಡಿಕೊಂಡ ಸದ್ದು.

‘ಟ್ಯಾಂಕ್ ಎಷ್ಟಡಿ?’

‘ಎರಡಡಿ ಅಂಕಲ್.’

‘ಡೋರಿ ಬೆಳೆದರೆ ಒಂದಡಿ ಆಗುತ್ತೆ. ದಿನವಿಡೀ ಈಜೋ ಮೀನು. ನಿಮ್ಮನ್ನ ಲಿಫ್ಟಲ್ಲಿ ವಾಕಿಂಗ್ ಮಾಡಿ ಅಂದ್ರೆ ಮಾಡ್ತೀರಾ?’

ಮಗು ಬಣ್ಣದ ರಂಗೋಲಿಯಂಥ ಮ್ಯಾಂಡರಿನ್ ಮೀನಿನತ್ತ ಬೆರಳು ತೋರಿಸುತ್ತದೆ. ರಾಯರು ತಲೆಯಾಡಿಸುತ್ತಾರೆ. ಅದು ತಿನ್ನುವುದು ಬಂಡೆಯ ಸಂದಿಯಲ್ಲಿ ಓಡಾಡುವ ಕೋಪೆಪಾಡ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು. ಹೊಸ ತೊಟ್ಟಿಯಲ್ಲಿ ಅವು ಎರಡು ವಾರದಲ್ಲಿ ಮುಗಿದುಹೋಗಿ, ಮೀನು ಉಪವಾಸ ಬಿದ್ದು ಸಾಯುತ್ತದೆ. ಚಿಟ್ಟೆಮೀನು? ಹೆಚ್ಚಿನವಕ್ಕೆ ಹವಳದ ಹೂವೇ ಊಟ, ಬೇಡ. ಲಯನ್‌ಫಿಶ್? ಬಾಯಿಗೆ ಹಿಡಿಸಿದ್ದೆಲ್ಲ ಅದರ ತಿಂಡಿ, ಬೇಡ. ಅಗ್ಗವಾಗಿದೆ, ಗಟ್ಟಿಯಾಗಿದೆ ಎಂದು ಅಂಗಡಿಯವನು ನೀಲಿ ಡ್ಯಾಮ್ಸೆಲ್ ತೋರಿಸಿದರೆ ರಾಯರಿಗೆ ಮೈಯೆಲ್ಲ ಉರಿ. ಮೊದಲು ಬಂದ ಡ್ಯಾಮ್ಸೆಲ್ ಇಡೀ ತೊಟ್ಟಿಗೆ ದಾದಾ ಆಗಿ, ಆಮೇಲೆ ಬಂದವರನ್ನೆಲ್ಲ ಮೂಲೆಗಟ್ಟಿ ಕಚ್ಚುತ್ತದೆ. ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ವಾರಗಟ್ಟಲೆ ಬಿಡುವು: ಇದು ರಾಯರು ದಿನಕ್ಕೊಮ್ಮೆಯಾದರೂ ಹೇಳುವ ಮಾತು. ಆ ದಂಪತಿ ಕೊನೆಗೆ ಮೀನಿಲ್ಲದೆ, ಒಂದು ಉಪ್ಪಿನಳತೆಯ ಮೀಟರು ಹಿಡಿದು ಹೊರಡುತ್ತಾರೆ. ಅಂಗಡಿಯವನು ಈಚೆಗೆ ಬುದ್ಧಿ ಕಲಿತಿದ್ದಾನೆ. ರಾಯರು ಬಂದ ಕೂಡಲೇ ಟೀ ತರಿಸಿ, ಅವರನ್ನು ಗೋಲ್ಡ್‌ಫಿಶ್ ಕಡೆಯ ಸ್ಟೂಲಿನ ಮೇಲೆ ಕೂರಿಸುತ್ತಾನೆ.

ಹಾಗಾದರೆ ಅವರ ತೊಟ್ಟಿಯಲ್ಲಿರುವುದೇನು? ಒಂದು ಜೋಡಿ ಕ್ಲೌನ್‌ಫಿಶ್, ಅದೂ ಸಮುದ್ರದಿಂದ ಹಿಡಿದದ್ದಲ್ಲ, ಹ್ಯಾಚರಿಯಲ್ಲಿ ಹುಟ್ಟಿದ್ದು. ಕಡಲ ಮೀನುಗಾರಿಕೆಯ ಕೇಂದ್ರ ಸಂಶೋಧನಾ ಸಂಸ್ಥೆಯವರು ಇವನ್ನು ನಮ್ಮಲ್ಲೇ ಮರಿ ಮಾಡಿಸುವ ವಿಧಾನ ರೂಢಿಸಿದ್ದಾರೆ ಎನ್ನುವಾಗ ರಾಯರ ದನಿಯಲ್ಲಿ ಇಸ್ರೋದ ಸುದ್ದಿ ಹೇಳುವ ಗತ್ತು. ಜೊತೆಗೆ ಒಂದು ಗೋಬಿ, ಒಂದು ಪಿಸ್ತೂಲು ಸಿಗಡಿ. ಕಣ್ಣು ಸರಿಯಾಗಿ ಕಾಣದ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕೂತು ಕಾಯುತ್ತದೆ. ಸಿಗಡಿಯ ಮೀಸೆ ಸದಾ ಗೋಬಿಯ ಮೈ ಮುಟ್ಟಿಕೊಂಡಿರುತ್ತದೆ, ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. ಉಳಿದಂತೆ ಪಾಚಿ ಮೇಯಲು ಕೆಲವು ಶಂಖದ ಹುಳು.

ಕ್ಲೌನ್‌ಫಿಶ್ಶಿನ ಸಂಸಾರ ಮಾತ್ರ ರಾಯರ ತಾಯಿಗೆ ಇನ್ನೂ ಅರಗಿಲ್ಲ. ಹುಟ್ಟುವಾಗ ಎಲ್ಲವೂ ಗಂಡೇ, ಗುಂಪಿನ ಯಜಮಾನಿಕೆ ಹಿಡಿದದ್ದು ಹೆಣ್ಣಾಗುತ್ತದೆ, ಅದು ಸತ್ತರೆ ಗಂಡನೇ ಹೆಣ್ಣಾಗಿ ಆ ಜಾಗಕ್ಕೆ ಬರುತ್ತಾನೆ ಎಂದು ಮೊಮ್ಮಗಳು ವಿವರಿಸಿದ ದಿನ ಅಜ್ಜಿ ಬಹಳ ಹೊತ್ತು ತೊಟ್ಟಿ ನೋಡಿ, ‘ಅಂತೂ ಮನೆ ನಡೆಸೋಕೆ ಹೆಂಗಸೇ ಆಗಬೇಕು’ ಎಂದು ಜಪಸರ ಎತ್ತಿಕೊಂಡರು.

ಫ್ರೀಜರಿನ ವಿಷಯ ಸ್ವಲ್ಪ ಸೂಕ್ಷ್ಮ. ಆ ಮನೆಯಲ್ಲಿ ಈರುಳ್ಳಿಗೂ ಏಕಾದಶಿಯಂದು ಪ್ರವೇಶವಿಲ್ಲ. ಆದರೆ ಮೇಲಿನ ತಟ್ಟೆಯಲ್ಲಿ, ಹಸಿ ಬಟಾಣಿಯ ಪಕ್ಕ, ಮೂರು ಕವರಿನೊಳಗಿನ ಡಬ್ಬಿಯಲ್ಲಿ ಮೈಸಿಸ್ ಎಂಬ ಪುಟಾಣಿ ಸಿಗಡಿಗಳ ಹೆಪ್ಪುಗಟ್ಟಿದ ತುಂಡುಗಳಿವೆ. ಡಬ್ಬಿಯ ಮೇಲೆ ಹೆಂಡತಿಯ ದುಂಡು ಅಕ್ಷರದಲ್ಲಿ ‘ಇವರದ್ದು’ ಎಂದಷ್ಟೇ ಬರೆದಿದೆ. ಪ್ರತಿ ಸಂಜೆ ರಾಯರು ಒಂದು ತುಂಡನ್ನು ಲೋಟದಲ್ಲಿ ಕರಗಿಸಿ, ಜರಡಿಯಲ್ಲಿ ತೊಳೆದು, ಮೀನುಗಳಿಗೆ ಉಣಿಸಿ, ತಾವು ಸ್ನಾನ ಮಾಡಿ, ಮೊಸರನ್ನಕ್ಕೆ ಕೂರುತ್ತಾರೆ. ಆ ಲೋಟ, ಜರಡಿ ಎರಡೂ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ.

ಕರೆಂಟ್ ಹೋದ ರಾತ್ರಿ ಇವರ ನಿಜರೂಪ ಹೊರಬೀಳುತ್ತದೆ. ಯುಪಿಎಸ್ ಮೇಲೆ ಮೊದಲ ಹಕ್ಕು ಅಲೆ ಎಬ್ಬಿಸುವ ಪಂಪಿಗೆ. ನೀರು ನಿಂತರೆ ಆಮ್ಲಜನಕ ಇಳಿಯುತ್ತದೆ. ಎರಡನೆಯದು ಸ್ಕಿಮ್ಮರಿಗೆ, ಅಂದರೆ ಗಲೀಜನ್ನು ನೊರೆಯಾಗಿಸಿ ಮೇಲೆತ್ತುವ ಯಂತ್ರಕ್ಕೆ. ಉಳಿದರೆ ಫ್ಯಾನು. ಒಮ್ಮೆ ಏಪ್ರಿಲ್‌ನಲ್ಲಿ ಊರಿಂದ ಬಂದ ಭಾವಮೈದುನ ಬೆವರುತ್ತಾ ಮಲಗಿ, ನಡುರಾತ್ರಿ ಎದ್ದು ನೋಡಿದರೆ ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ತೊಟ್ಟಿಯ ನೀರಿಗೆ ಗಾಳಿ ಹಾಕುತ್ತಿತ್ತು. ‘28 ಡಿಗ್ರಿ ದಾಟಿಬಿಟ್ಟಿದೆ’ ಎಂದು ರಾಯರು ಪಿಸುಗುಟ್ಟಿದರು. ‘ನನಗೆ ಎಷ್ಟು ದಾಟಿದೆ ಅಂತ ಯಾರಾದ್ರೂ ನೋಡಿದ್ರಾ?’ ಎಂದ ಆತ ಬೆಳಗಿನ ಬಸ್ಸಿಗೇ ಹೊರಟ.

ರಾಯರು ಊರು ಬಿಟ್ಟು ಹೋಗುವುದು ಕಡಿಮೆ. ಕಳೆದ ದಸರಾ ರಜೆಯಲ್ಲಿ ಮಗಳ ಹಟಕ್ಕೆ ಮುರುಡೇಶ್ವರಕ್ಕೆ ಹೊರಟರು. ನೇತ್ರಾಣಿ ದ್ವೀಪದ ಹತ್ತಿರ ಡೈವಿಂಗ್ ಮಾಡಿ ನಿಜವಾದ ಹವಳ ನೋಡುವ ಯೋಜನೆ. ದಾರಿಯಲ್ಲಿ ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವಲ್ಲಿ ಕಾರು ನಿಲ್ಲಿಸಿದಾಗ ಮಗಳು ಚಪ್ಪಲಿ ಬಿಚ್ಚಿ ನೀರಿಗೆ ಓಡಿದಳು. ರಾಯರು ಜೇಬಿನಿಂದ ಉಪ್ಪಿನಳತೆಯ ರಿಫ್ರಾಕ್ಟೋಮೀಟರ್ ತೆಗೆದರು. ಬೆರಳ ತುದಿಯಿಂದ ಒಂದು ಹನಿ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಒಂದು ಕಣ್ಣು ಮುಚ್ಚಿ ಆಕಾಶದತ್ತ ಹಿಡಿದರು. ಕಡಲನೀರಿನ ಸಾಪೇಕ್ಷ ಸಾಂದ್ರತೆ ಇರಬೇಕಾದದ್ದು 1.025. ಇದ್ದದ್ದು 1.012.

‘ಲಿಂಗನಮಕ್ಕಿಯಿಂದ ಕರೆಂಟ್ ಮಾಡಿ ಬಿಟ್ಟ ಸಿಹಿನೀರು ಬಂದು ಸೇರುತ್ತಲ್ರೀ’ ಎಂದರು ಹೆಂಡತಿ.

ರಾಯರು ಉಪಕರಣ ಒರೆಸಿ ಜೇಬಿಗಿಟ್ಟರು. ಎದುರಿಗೆ ದೋಣಿಯವರು ಬುಟ್ಟಿಗಟ್ಟಲೆ ಮೀನು ಇಳಿಸುತ್ತಿದ್ದರು.

‘ಕಾರಣ ಏನಾದ್ರೂ ಇರಲಿ’ ಎಂದರು, ‘ನಾನಾದ್ರೆ ಈ ನೀರಿಗೆ ಒಂದು ಶಂಖದ ಹುಳಾನೂ ಬಿಡ್ತಿರಲಿಲ್ಲ.’